ಹುಣಸೆ ದಿಣ್ಣೆ ಹತ್ತಿಸಿದ ಕರಿಸಿದ್ದಯ್ಯ

ಕರಿಸಿದ್ದಯ್ಯನಿಗೆ ಬೈಯಲು ಬರುತ್ತಿರಲಿಲ್ಲ. ಕಂಡಕ್ಟರ್ ಆದವನಿಗೆ ಇದಕ್ಕಿಂತ ದೊಡ್ಡ ಊನ ಇನ್ನೊಂದಿಲ್ಲವೆಂದು ಮಳವಳ್ಳಿ ಬಸ್ ಸ್ಟ್ಯಾಂಡಿನ ಪಂಡಿತರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಆ ಕಾಲದ ಕಂಡಕ್ಟರುಗಳ ಬಾಯಿಗೆ ಹೆದರಿ ನಡೆದೇ ಊರು ಸೇರುತ್ತಿದ್ದವರಿದ್ದರು. ಇವನೂ ಒಂದು ಸಲ ಪ್ರಯತ್ನವೇನೋ ಮಾಡಿದ. ಪಕ್ಕದವರ ಮೇಲೆ ಬೀಡಿ ಬೂದಿ ಕೊಡವುತ್ತಿದ್ದವನೊಬ್ಬನ ಹತ್ತಿರ ಕಣ್ಣು ಕೆಂಪಗೆ ಮಾಡಿಕೊಂಡು ಹೋದ. ನೋಡಿದರೆ ಆ ಮನುಷ್ಯನ ಮುಖ ಬಾಡಿತ್ತು. "ಯಾಕಣ್ಣ, ಉಂಡಿಲ್ವಾ?" ಎಂದು ಕೇಳಿ, ತನ್ನ ಬುತ್ತಿಯಲ್ಲಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟು ಬಂದ. ಅವನ ಬೈಗುಳದ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಹುಟ್ಟಿದ್ದು ಕಿರುಗಾವಲಿನ ಪಕ್ಕದ ಹಳ್ಳಿಯಲ್ಲಿ. ಮೀಸೆ ಮೂಡುವ ಮೊದಲೇ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡು, ಕಂಡವರ ಮನೆಯ ಕೊಟ್ಟಿಗೆಯಲ್ಲಿ ದನಗಳ ಜೊತೆ ಬೆಳೆದವನು. ಬೆಳಗಾದರೆ "ಏಯ್", ಬೈಗಾದರೆ "ಲೇ". ಹೆಸರು ಹಿಡಿದು ಕರೆದವರೇ ಕಡಿಮೆ. ಆಮೇಲೆ ಮಳವಳ್ಳಿಗೆ ಬಂದು, ಹೊನ್ನಯ್ಯ ಸಾಹುಕಾರರ ಪಟ್ಟಲದಮ್ಮ ಮೋಟಾರ್ ಸರ್ವೀಸಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ವರ್ಷಗಳ ಕಾಲ ಚಕ್ರದ ಕೆಸರು ತೆಗೆದು, ಕೊನೆಗೊಂದು ದಿನ ಕಂಡಕ್ಟರ್ ಆಗಿ ಚರ್ಮದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಾಗ ಅವನ ಹೆಂಡತಿ ಚಿಕ್ಕನಂಜಮ್ಮ ಆ ಬ್ಯಾಗಿಗೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿದಳು. ನಗಬೇಡಿ. ಆ ಬ್ಯಾಗು ಬಂದ ಮೇಲೆಯೇ ಜನ ಅವನನ್ನು "ಕರಿಸಿದ್ದಯ್ಯಾ" ಎಂದು ಬಾಯಿ ತುಂಬ ಕರೆದದ್ದು. ಅದು ಹೋದರೆ ಮತ್ತೆ ಕೊಟ್ಟಿಗೆಯೇ ಗತಿ ಎಂಬುದು ಅವನಿಗೆ ಗೊತ್ತಿತ್ತು.

ಬಸ್ಸು ಮಳವಳ್ಳಿಯಿಂದ ಕಾಳಮುದ್ದನದೊಡ್ಡಿಯ ಮೇಲೆ ಮದ್ದೂರಿಗೆ ಹೋಗುತ್ತಿತ್ತು. ಅಲ್ಲಿ ಬೆಂಗಳೂರಿನ ರೈಲು ಸಿಕ್ಕುವ ಹಾಗೆ ಹೊತ್ತು ಗೊತ್ತು ಮಾಡಿದ್ದರು. ಕರಿಸಿದ್ದಯ್ಯನ ಬಸ್ಸಿಗೆ ಹತ್ತಿದವರು ಸುಮ್ಮನೆ ಪ್ರಯಾಣಿಕರಾಗಿ ಉಳಿಯುತ್ತಿರಲಿಲ್ಲ, ನೆಂಟರಾಗಿಬಿಡುತ್ತಿದ್ದರು. ಬಸುರಿಯರಿಗೆ ಕುಲುಕದ ಜಾಗ ಯಾವುದು, ಯಾರಿಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ, ಯಾರ ಮಗಳ ಗಂಡ ಮುನಿಸಿಕೊಂಡು ಹೋಗಿದ್ದಾನೆ, ಎಲ್ಲವೂ ಅವನ ತಲೆಯಲ್ಲಿ. ವಾಂತಿಯವರಿಗೆಂದು ಜೇಬಿನಲ್ಲಿ ಸದಾ ನಿಂಬೆಹಣ್ಣು. ಗದ್ದೆ ಬದುವಿನ ಮೇಲೆ ಯಾರಾದರೂ ಓಡಿ ಬರುವುದು ಕಂಡರೆ ಸಾಕು, "ಓಲ್ಡಾನ್" ಎಂದು ಕೂಗಿ ನಿಲ್ಲಿಸುತ್ತಿದ್ದ. ಡ್ರೈವರ್ ದೊಡ್ಡಬೀರಯ್ಯ ಸ್ಟೀರಿಂಗಿನ ಮೇಲೆ ತಲೆಯಿಟ್ಟು, "ನಿನ್ನ ನೆಂಟರು ಮುಗುದ್ರೇನ್ಲಾ, ಇನ್ನೂ ಅವ್ರಾ?" ಎಂದು ಗೊಣಗುತ್ತಿದ್ದ. ಗೊಣಗಿದರೂ ನಿಲ್ಲಿಸುತ್ತಿದ್ದ.

ಯುದ್ಧ ಬಂತು, ಪೆಟ್ರೋಲಿಗೆ ರೇಷನ್ನು ಬಂತು, ಹೊನ್ನಯ್ಯನವರ ಬಸ್ಸಿನ ಬೆನ್ನಿಗೆ ಇದ್ದಿಲಿನ ಡ್ರಮ್ಮು ಬಂತು. ಇದ್ದಿಲು ಸುಟ್ಟು, ಅದರ ಗ್ಯಾಸಿನಿಂದ ಎಂಜಿನ್ನು ಓಡಬೇಕು. ಬಯಲಿನಲ್ಲಿ ಹೇಗೋ ಓಡುತ್ತಿತ್ತು. ದಿಣ್ಣೆ ಕಂಡರೆ ಮಾತ್ರ ಅದಕ್ಕೆ ಉಸಿರು ಕಟ್ಟುತ್ತಿತ್ತು. ಮದ್ದೂರು ಇನ್ನೇನು ಬಂತು ಎನ್ನುವಲ್ಲಿ ರಸ್ತೆ ಒಂದು ಕಡೆಯಿಂದ ಏರಿ ಇನ್ನೊಂದು ಕಡೆಗೆ ಇಳಿಯುತ್ತಿತ್ತು. ನೆತ್ತಿಯ ಮೇಲೆ ಒಂದು ಹುಣಸೆ ಮರ, ಅದರಿಂದ ಹುಣಸೆ ದಿಣ್ಣೆ. ಅಲ್ಲಿ ಬಸ್ಸು ನಿಂತೇ ನಿಲ್ಲುತ್ತಿತ್ತು. ಜನ ಇಳಿದು ತಳ್ಳಲೇಬೇಕು.

ತಳ್ಳುವ ಹೊತ್ತಿನಲ್ಲಿ ಕರಿಸಿದ್ದಯ್ಯನನ್ನು ನೋಡಬೇಕಿತ್ತು. "ಡ್ರಮ್ಮಿನ ತಾವ್ಕೆ ಯಾರೂ ಬರಬ್ಯಾಡಿ, ಸುಡ್ತದೆ, ಅಲ್ಲಿ ನಾನಿರ್ತೀನಿ" ಎಂದು ಬಿಸಿ ಜಾಗವನ್ನು ತಾನೇ ಹಿಡಿಯುತ್ತಿದ್ದ. ಮುದುಕರನ್ನೂ ಕೂಸು ಎತ್ತಿಕೊಂಡವರನ್ನೂ ಇಳಿಸುತ್ತಲೇ ಇರಲಿಲ್ಲ. ಉಳಿದವರನ್ನು ಹೆಸರು ಹಿಡಿದು ಕೂಗುತ್ತಿದ್ದ. ಎಲ್ಲರಿಗಿಂತ ಮೊದಲು ಕೈ ಹಾಕುತ್ತಿದ್ದ ಅಂಕಮ್ಮನನ್ನು ತೋರಿಸಿ, "ಅಂಕಕ್ಕ ಕೈ ಆಕವ್ಳೆ, ಗಂಡಸ್ರು ನಾಚ್ಕಳಿ, ಐಸಾ!" ಎಂದರೆ ಜನ ನಕ್ಕು, ನಗುತ್ತಲೇ ತಳ್ಳಿ, ಬಸ್ಸನ್ನು ನೆತ್ತಿಗೆ ಮುಟ್ಟಿಸಿಬಿಡುತ್ತಿದ್ದರು. ಅದು ದಿನದ ಆಟವಾಗಿತ್ತು. ಯಾರಿಗೂ ತಾವು ಉಪಕಾರ ಮಾಡುತ್ತಿದ್ದೇವೆಂದು ಅನ್ನಿಸಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದದ್ದು ಒಂದು ಸೋಮವಾರ ಕೆಟ್ಟಿತು.

ಆವತ್ತು ಕಾಳಮುದ್ದನದೊಡ್ಡಿಯಲ್ಲಿ ಮಹದೇವಮ್ಮ ಎಂಬ ಬಾಣಂತಿ ಎಳೆಗೂಸನ್ನು ಎತ್ತಿಕೊಂಡು ತೌರಿಗೆ ಹೊರಟಿದ್ದಳು. ಬಸ್ಸು ಬಂದು ನಿಂತರೂ ಅವಳ ಅತ್ತೆ ಹೊಸಿಲು ದಾಟಲು ಬಿಡಲಿಲ್ಲ. ರಾಹುಕಾಲ ಇನ್ನೂ ಕಳೆದಿರಲಿಲ್ಲ. ಬೇರೆ ಕಂಡಕ್ಟರ್ ಆಗಿದ್ದರೆ ಬಾಣಂತಿಗೂ ರಾಹುವಿಗೂ ಸೇರಿಸಿ ಬೈದು ಹೊರಟುಬಿಡುತ್ತಿದ್ದ. ಕರಿಸಿದ್ದಯ್ಯ ಬಸ್ಸಿನೊಳಗೆ ತಲೆ ಹಾಕಿ, "ಮೊದಲ ಕೂಸು ಕಣ್ರಪ್ಪ, ರಾಹುಕಾಲ್ದಾಗೆ ಎಂಗೆ ಕಳಿಸಾರು? ಒಸಿ ಕಾಯಮ, ಏನಂತೀರಿ?" ಎಂದು ಕೇಳಿದ. ಬಸ್ಸಿಗೆ ಬಸ್ಸೇ ತಲೆಯಾಡಿಸಿತು. ರಾಹುಕಾಲದಲ್ಲಿ ಕೂಸನ್ನು ಹೊರಡಿಸು ಎನ್ನುವ ಧೈರ್ಯ ಅಲ್ಲಿ ಯಾರಿಗಿತ್ತು! ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬರು ಮಾತ್ರ ತಲೆಯಾಡಿಸಲಿಲ್ಲ. ಅವರು ಹೊನ್ನಯ್ಯನವರ ಬೀಗರು. ಬಸ್ಸು ಮದ್ದೂರು ಮುಟ್ಟುವ ಹೊತ್ತಿಗೆ ರೈಲು ಹೋಗಿ, ಸ್ಟೇಷನ್ನಿನವರು ಪ್ಲಾಟ್‌ಫಾರಂ ಗುಡಿಸುತ್ತಿದ್ದರು.

ಬೀಗರ ಮುಂದೆ ತಲೆ ತಗ್ಗಿಸಬೇಕಾಗಿ ಬಂದರೆ ನಮ್ಮ ಕಡೆಯ ಗಂಡಸರಿಗೆ ಪ್ರಾಣ ಹೋದಂತಾಗುತ್ತದೆ. ಹೊನ್ನಯ್ಯನವರು ಕೆಟ್ಟವರಲ್ಲ, ಸೊಂಟದ ಗಡಿಯಾರವನ್ನು ಮಾತ್ರ ದೇವರಿಗಿಂತ ಹೆಚ್ಚಾಗಿ ನಂಬಿದವರು. ಕರಿಸಿದ್ದಯ್ಯನನ್ನು ಶೆಡ್ಡಿಗೆ ಕರೆಸಿ ಕೂಗಾಡಿದರು.

"ಬಸ್ಸೇನ್ಲಾ ಇದು, ಸೋಬನದ ಗಾಡಿಯಾ? ರಾಹುಕಾಲ ಕಾಯಕ್ಕೆ ನಿನಗೆ ಸಂಬಳ ಕೊಡ್ತೀನಾ?"

"ಎಳೆಗೂಸು ಬುದ್ದೀ..."

"ನಿನ್ನ ಕರುಳೇ ನಿನಗೆ ದೊಡ್ಡ ರೋಗ ಕಣ್ಲಾ. ಕೊಡು ಇಲ್ಲಿ ಬ್ಯಾಗು. ನಾಳೆಯಿಂದ ಡ್ರಮ್ಮಿಗೆ ಇದ್ದಿಲು ಆಕು. ಜನದ ಜೊತೆ ಒಂದು ಮಾತಾಡಿದ್ದು ಕಂಡ್ರೆ ಅದೂ ಇಲ್ಲ, ಊರ ದಾರಿ ಇಡಿ."

ಆ ಸಂಜೆ ಮನೆಗೆ ಬಂದ ಗಂಡನ ಬರಿಯ ಹೆಗಲನ್ನು ನೋಡಿ ಚಿಕ್ಕನಂಜಮ್ಮ ಎಲ್ಲವನ್ನೂ ಅರ್ಥಮಾಡಿಕೊಂಡಳು. "ಸಾವ್ಕಾರ್ರು ಯೋಳದು ದಿಟವೇನೋ ಕಣೆ. ನಾನು ಒಸಿ ಗಟ್ಟಿ ಆಗ್ಬೇಕಾಗಿತ್ತು" ಎಂದ ಅವನು. "ಗಟ್ಟಿ ಆಗಕ್ಕೆ ನೀನೇನು ಬೆಲ್ಲವಾ? ಸುಮ್ಕೆ ಉಣ್ಣು" ಎಂದು ಅವಳು ಸಾರು ಬಡಿಸಿದಳು.

ಹೊಸ ಕಂಡಕ್ಟರ್ ನಿಂಗಯ್ಯ ಇಸ್ತ್ರಿ ಅಂಗಿಯವನು, ಬಾಯಲ್ಲಿ ಸದಾ ಸೀಟಿ. ಅವನ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಹೊತ್ತು ಮೀರಿದರೆ ಕೆಲಸ ಹೋಗುತ್ತದೆ ಎಂದು ಸಾಹುಕಾರರು ಮೊದಲ ದಿನವೇ ಹೆದರಿಸಿದ್ದರು. ಸೀಟಿ ಊದಿದ ಮೇಲೆ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಸ್ಸಿನ ಹಿಂದೆ, ಡ್ರಮ್ಮಿನ ಪಕ್ಕದ ಹಲಗೆಯ ಮೇಲೆ, ಮುಖವೆಲ್ಲ ಮಸಿಯಾಗಿ ಕರಿಸಿದ್ದಯ್ಯ ಕೂತಿರುತ್ತಿದ್ದ. ಜನ ಹತ್ತುವಾಗ ಅವನ ಕಡೆ ಬಗ್ಗಿ, "ಯಾಕಪ್ಪ ಇಂಗಾದೆ?" ಎನ್ನುತ್ತಿದ್ದರು. ಅವನು ತುಟಿಯ ಮೇಲೆ ಬೆರಳಿಟ್ಟು ನಗುತ್ತಿದ್ದ. ಮೊದಮೊದಲು ದಿಣ್ಣೆಯಲ್ಲಿ ಎಲ್ಲರೂ ಇಳಿದು ತಳ್ಳಿದರು. ಬರಬರುತ್ತ ಹೆಂಗಸರು ಬಿಟ್ಟರು. ಆಮೇಲೆ ಗಂಡಸರಲ್ಲೂ ಕೆಲವರಿಗೆ ಸರಿಯಾಗಿ ದಿಣ್ಣೆಯಲ್ಲೇ ಸೊಂಟ ಹಿಡಿದುಕೊಳ್ಳತೊಡಗಿತು. ನಿಂಗಯ್ಯನಿಗೆ ಇದು ಇದ್ದಿಲಿನ ದೋಷವಾಗಿ ಕಂಡಿತು.

ಹೀಗಿರುವಾಗ ರೂಟಿನ ಪರ್ಮಿಟ್ಟು ಮುಗಿಯುವ ಕಾಲ ಬಂತು. ಇನ್ನೊಂದು ಕಂಪನಿಯವರು ಅದೇ ರೂಟು ಕೇಳಿದ್ದರು. ಪರ್ಮಿಟ್ಟು ಕೊಡುವ ಸಾಹೇಬರು ಮಳವಳ್ಳಿಗೆ ಬಂದಿದ್ದವರು, ಹೊನ್ನಯ್ಯನವರ ಬಸ್ಸಿನಲ್ಲೇ ಮದ್ದೂರಿಗೆ ಹೋಗಿ ರೈಲು ಹಿಡಿಯುತ್ತೇನೆ, ಬಸ್ಸು ಹೇಗೆ ನಡೆಯುತ್ತದೋ ಕಣ್ಣಾರೆ ನೋಡಿದಂತಾಯಿತು ಎಂದರು. ಹೊನ್ನಯ್ಯನವರು ಜರಿಯ ಪೇಟ ಸುತ್ತಿ ಸಾಹೇಬರ ಪಕ್ಕದಲ್ಲಿ ಕೂತರು. ಹೊರಡುವ ಮೊದಲು ನಿಂಗಯ್ಯನ ಕಿವಿಯಲ್ಲಿ, "ಈವತ್ತು ಯಮನೇ ಕೈ ಅಡ್ಡ ಆಕುದ್ರೂ ನಿಲ್ಲಿಸ್ಬ್ಯಾಡ" ಎಂದರು.

ದೊಡ್ಡಿ ದಾಟಿದ ಮೇಲೆ ಸಿಗುವ ಹಳ್ಳಿಯಲ್ಲಿ ಬಸ್ಸು ಜನ ಹತ್ತಿಸಿಕೊಂಡು ಹೊರಡುವ ಹೊತ್ತಿಗೆ ಎಲೆ ಮಾರುವ ಮುದುಕಿ ಸಣ್ಣತಾಯಮ್ಮ, ವೀಳ್ಯದೆಲೆಯ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ಓಡಿ ಬರುತ್ತಿದ್ದಳು. ಆವತ್ತು ಮದ್ದೂರಿನ ಸಂತೆ. ಬಸ್ಸಿಗೂ ಅವಳಿಗೂ ಕೂಗಳತೆಯೂ ಇರಲಿಲ್ಲ. ನಿಂಗಯ್ಯ ನೋಡಿದ, ಸಾಹುಕಾರರ ಪೇಟವನ್ನೂ ನೋಡಿದ, ಸೀಟಿ ಊದಿದ. ಬಸ್ಸು ಹೊರಟಿತು. ಹಲಗೆಯ ಮೇಲೆ ಹಿಮ್ಮುಖವಾಗಿ ಕೂತಿದ್ದ ಕರಿಸಿದ್ದಯ್ಯನಿಗೆ ಆ ಮುದುಕಿ ಇನ್ನೂ ಸ್ವಲ್ಪ ದೂರ ಓಡಿ, ಆಮೇಲೆ ಕುಕ್ಕೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುವುದು ಕಾಣುತ್ತಲೇ ಇತ್ತು. "ಓಲ್ಡಾನ್" ಎಂಬ ಮಾತು ಗಂಟಲಿನವರೆಗೆ ಬಂತು. ಅವನು ಅದನ್ನು ನುಂಗಿಕೊಂಡ. ನುಂಗಿಕೊಂಡದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಬಸ್ಸಿನೊಳಗೆ ಎಲ್ಲರೂ ಅದನ್ನು ನೋಡಿದ್ದರು. ಸಣ್ಣತಾಯಮ್ಮನ ಓರಗಿತ್ತಿ ಅಂಕಮ್ಮ ಒಳಗೇ ಇದ್ದಳು.

ಹುಣಸೆ ದಿಣ್ಣೆಯಲ್ಲಿ ಬಸ್ಸು ಯಥಾಪ್ರಕಾರ ಏದುಸಿರು ಬಿಟ್ಟು ನಿಂತಿತು. ನಿಂಗಯ್ಯ ಸೀಟಿ ಊದಿದ. ಎಲ್ಲರೂ ಇಳಿದರು. ಇಳಿದವರು ಬಸ್ಸಿನ ಹಿಂದಕ್ಕೆ ಬರಲಿಲ್ಲ. ಸೀದಾ ದಿಣ್ಣೆ ಹತ್ತಿಹೋಗಿ ಹುಣಸೆ ಮರದ ನೆರಳಿನಲ್ಲಿ ಕೂತರು. ಕೆಲವರು ಎಲೆ ಅಡಿಕೆಯ ಚೀಲ ಬಿಚ್ಚಿದರು.

"ಏಯ್, ಇಳಿದ್ರಲ್ಲ, ತಳ್ರೀ!" ಎಂದು ನಿಂಗಯ್ಯ ಕೂಗಿದ.

ಅಂಕಮ್ಮ ಅಡಿಕೆ ಕಡಿಯುತ್ತ ಉತ್ತರ ಕೊಟ್ಟಳು: "ಟಿಕೀಟು ತಕ್ಕಂಡಿರದು ಕುಂತ್ಕಂಡು ಓಗಕ್ಕೆ ಕಣಪ್ಪ. ತಳ್ಳಕ್ಕೆ ನಾವೇನು ನಿಮ್ಮ ಅಟ್ಟಿ ಎತ್ತುಗಳಾ?"

ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹೊನ್ನಯ್ಯನವರ ಮುಖದ ಬಣ್ಣ ಹೋಯಿತು. ಇಳಿದು ಬಂದು, "ಏನ್ರಯ್ಯಾ, ದಿನಾ ತಳ್ಳೋರಿಗೆ ಈವತ್ತೇನು ರೋಗ ಬಂತು?" ಎಂದು ಗದರಿದರು. ಮರದ ಕೆಳಗಿನಿಂದ ಒಬ್ಬ ಮುದುಕ, "ದಿನಾ ತಳ್ತಿದ್ದದ್ದು ಕರಿಸಿದ್ದಯ್ಯ ಕೇಳ್ತಿದ್ದ ಅಂತ ಸಾವ್ಕಾರ್ರೇ" ಎಂದ. ಹೊನ್ನಯ್ಯನವರು ಡ್ರೈವರಿನ ಕಡೆ ತಿರುಗಿದರು. ದೊಡ್ಡಬೀರಯ್ಯ ಸ್ಟೀರಿಂಗ್ ಬಿಟ್ಟು ಕೈ ಕಟ್ಟಿಕೊಂಡು ಕೂತಿದ್ದ. "ನನ್ನ ಯಾಕ್ ನೋಡ್ತೀರಿ? ಇದ್ದಿಲು ಬಸ್ಸನ್ನ ಇಲ್ಲೀಗಂಟ ತರ್ತದೆ. ಇಲ್ಲಿಂದಾಚೆಗೆ ತರ್ತಿದ್ದೋನು ಅಗೋ, ಇಂದೆ ಕುಂತವ್ನೆ" ಎಂದುಬಿಟ್ಟ.

ಕರಿಸಿದ್ದಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಸುಳ್ಳೇಕೆ, ಒಂದು ಗಳಿಗೆ ಅವನಿಗೆ ಹಿಗ್ಗಾಯಿತು. ಅವನು ಏನನ್ನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದು ಸಾಹುಕಾರರೇ ಹೇಳಿದ್ದರು; ಹಾಗೇ ಕೂತಿದ್ದರೆ ರೈಲೂ ಹೋಗುತ್ತಿತ್ತು, ಪರ್ಮಿಟ್ಟೂ ಹೋಗುತ್ತಿತ್ತು, ಹೊನ್ನಯ್ಯನವರ ಗಡಿಯಾರದ ಗರ್ವವೂ ಇಳಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೂತೇ ಇರುತ್ತಿದ್ದರು. ನಾನಾಗಿದ್ದರಂತೂ ಮರದ ಕೆಳಗೆ ಹೋಗಿ ಒಂದೆಲೆ ಕೇಳಿ ಹಾಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಿಂಗಯ್ಯ, ಯಾರೂ ಬಾರದ್ದನ್ನು ಕಂಡು, ತಾನೊಬ್ಬನೇ ಬಸ್ಸಿನ ಹಿಂದಕ್ಕೆ ಓಡಿ ಬಂದ. ದಿಕ್ಕು ತೋಚದವನ ಹಾಗೆ ಎರಡೂ ಕೈಗಳನ್ನು ಚಾಚಿ ತಳ್ಳಲು ಹೋದ. ಬಲಗೈ ಡ್ರಮ್ಮಿನ ಮೇಲೆ ಬಿತ್ತು. "ಅವ್ವಾ!" ಎಂದು ಕೂಗಿ ಕುಸಿದ. ಇಸ್ತ್ರಿ ಅಂಗಿಯ ಆ ಗಂಡಸಿನ ಕಣ್ಣಲ್ಲಿ ನೀರು ಬಂದಿತ್ತು. ಸುಟ್ಟ ನೋವಿಗಿಂತ ಹೆಚ್ಚಾಗಿ ಅವಮಾನದಿಂದ ಬಂದ ನೀರು.

ಕರಿಸಿದ್ದಯ್ಯನಿಗೆ ಆ ಮುಖ ನೋಡಿದ ಮೇಲೆ ಸಾಹುಕಾರರ ಅಪ್ಪಣೆ ನೆನಪಾಗಲಿಲ್ಲ. ಹಲಗೆಯಿಂದ ಜಿಗಿದು ಬಂದು, ಅವನ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದ. "ಉಜ್ಜಬ್ಯಾಡ ಕಣಪ್ಪ, ಇಂಗೇ ಇಟ್ಕ. ಎದರಬ್ಯಾಡ, ನನಗೂ ಆಗಿತ್ತು, ಇಳೀತದೆ" ಎಂದು ಸಮಾಧಾನ ಮಾಡಿದ. ನಿಂಗಯ್ಯ ಹಲ್ಲು ಕಚ್ಚಿಕೊಂಡು, "ಅಣ್ಣ, ಈ ಕೆಲಸ ಓದ್ರೆ ನಾನು ಮನೆಗೆ ಎಂಗೆ ಓಗ್ಲಿ?" ಎಂದ. ಆ ಪ್ರಶ್ನೆಯನ್ನು ಕರಿಸಿದ್ದಯ್ಯ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದ.

ಎದ್ದು ನಿಂತು ಮರದ ಕಡೆ ತಿರುಗಿದ.

"ಅಂಕಕ್ಕ, ಸಣ್ಣತಾಯವ್ವನ್ನ ಬುಟ್ಟು ಬಂದದ್ದು ತಪ್ಪೇಯ. ನನ್ನ ಕರುಳೂ ಕಿವುಚ್ತದೆ. ನಾನೂ ಬಾಯಿ ಮುಚ್ಕಂಡಿದ್ದೆ, ನನ್ನದೂ ತಪ್ಪೇಯ. ಆದ್ರೆ ಇವನು ಎದರ್ಕಂಡು ಮಾಡವ್ನೆ ಕಣಕ್ಕ. ಇವನ ಕೈ ನೋಡಿ, ಬೊಬ್ಬೆ ಎದ್ದದೆ. ಇವನಿಗೂ ಒಂದು ಮನೆ ಐತೆ. ಬನ್ನಿ, ಬಸ್ಸು ನಮ್ದು, ದಿಣ್ಣೆ ನಮ್ದು, ಬನ್ನಿ."

ಅಂಕಮ್ಮ ಅಡಿಕೆ ಕತ್ತರಿಯನ್ನು ಚೀಲಕ್ಕೆ ಹಾಕಿದಳು. "ಸಾವ್ಕಾರ್ರು ಕರುದ್ರೆ ಬತ್ತಿರಲಿಲ್ಲ. ನೀನು ಕರುದೆಯಲ್ಲ, ಇನ್ನೇನು ಮಾಡದು" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವಳು ಎದ್ದದ್ದೇ ತಡ, ಮರದ ಕೆಳಗೆ ಒಬ್ಬರೂ ಉಳಿಯಲಿಲ್ಲ. ಸೊಂಟ ಹಿಡಿದವರೆಲ್ಲ ಗುಣವಾಗಿ ಓಡಿ ಬಂದರು.

"ಡ್ರಮ್ಮಿನ ತಾವು ನಾನು! ಮುದುಕ್ರು ಒಳಕ್ಕೆ ಅತ್ತಿ! ಅಪ್ಪಾಜಣ್ಣ, ನೀನು ಆ ಮಡ್ಗಾರ್ಡಿಗೆ ಬಾ! ಅಂಕಕ್ಕ ಕೈ ಆಕವ್ಳೆ, ಗಂಡಸ್ರು ನಾಚ್ಕಳಿ..."

"ಐಸಾ!"

"ಮದ್ದೂರು ಸಂತೆ ಕಾಯ್ತದೆ..."

"ಐಸಾ!"

ಬಸ್ಸು ಒಂದು ಸಲ ಹಿಂದಕ್ಕೆ ಜಗ್ಗಿತು, ಆಮೇಲೆ ಮುಂದಕ್ಕೆ ಹೊರಳಿತು. ದೊಡ್ಡಬೀರಯ್ಯ ಹಲ್ಲು ಕಿರಿದು ಗೇರು ಹಾಕಿದ. ಎಂಜಿನ್ನು ಕೆಮ್ಮಿತು, ಹಿಡಿಯಿತು, ಗುಡುಗಿತು. ನೆತ್ತಿ ಮುಟ್ಟಿದಾಗ ಎದ್ದ ಕೂಗಿಗೆ ಹುಣಸೆ ಮರದ ಕಾಗೆಗಳೆಲ್ಲ ಹಾರಿಹೋದವು.

ಎಲ್ಲರೂ ಹತ್ತಿ ಕೂತರು. ನಿಂಗಯ್ಯ ಬಾಗಿಲಿನಲ್ಲಿ ನಿಂತವನು ಸೀಟಿ ಊದಲಿಲ್ಲ. ಎಡಗೈಯಿಂದ ಬ್ಯಾಗನ್ನು ಹೆಗಲಿಂದ ತೆಗೆದು, ಕರಿಸಿದ್ದಯ್ಯನ ಕುತ್ತಿಗೆಗೆ ಹಾಕಿದ. ಕರಿಸಿದ್ದಯ್ಯ ಗಾಬರಿಯಾಗಿ ಸಾಹುಕಾರರನ್ನು ನೋಡಿದ. ಬಸ್ಸಿನಲ್ಲಿದ್ದವರೂ ಅವರನ್ನೇ ನೋಡುತ್ತಿದ್ದರು.

"ಯಾರ್ರೀ ಈತ?" ಎಂದು ಸಾಹೇಬರು ಕೇಳಿದರು.

ಹೊನ್ನಯ್ಯನವರು ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಕಂಡಕ್ಟರು ಸ್ವಾಮಿ, ಕರಿಸಿದ್ದಯ್ಯ ಅಂತ" ಎಂದರು. ತಮ್ಮ ಹೆಗಲ ಮೇಲಿನ ಜರಿಯಂಚಿನ ವಲ್ಲಿಯನ್ನು ತೆಗೆದು ಚಾಚಿ, "ತಗೊಳಯ್ಯ, ಮಕ ಒರೆಸ್ಕ" ಎಂದರು. ಕರಿಸಿದ್ದಯ್ಯ ಒರೆಸಿಕೊಂಡ. ವಲ್ಲಿ ಕರ್ರಗಾಯಿತು. ಮಸಿಯ ಜೊತೆ ಬೇರೆ ಏನನ್ನು ಒರೆಸಿಕೊಂಡನೆಂದು ಯಾರೂ ಕೇಳಲಿಲ್ಲ.

"ರೈಟ್!" ಎಂದ ಅವನು. ಬಸ್ಸು ಇಳಿಜಾರಿನಲ್ಲಿ ಹಾರಿಕೊಂಡು ಹೋಯಿತು.

ಮದ್ದೂರು ಸ್ಟೇಷನ್ನಿನಲ್ಲಿ ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದ. "ಸಾಯೇಬ್ರ ಟ್ರಂಕು!" ಎಂದು ಕರಿಸಿದ್ದಯ್ಯ ಒಂದೇ ಒಂದು ಕೂಗು ಹಾಕಿದ. ಬಸ್ಸಿನ ಮೇಲಿಂದ ಇಳಿದ ಟ್ರಂಕು ನೆಲ ಮುಟ್ಟಲೇ ಇಲ್ಲ. ಕೈಯಿಂದ ಕೈಗೆ, ಅಪ್ಪಾಜಣ್ಣನಿಂದ ಅಂಕಕ್ಕನಿಗೆ, ಅಂಕಕ್ಕನಿಂದ ಇನ್ಯಾರಿಗೋ ದಾಟಿ ರೈಲಿನೊಳಕ್ಕೆ ಹೋಯಿತು. ಹಿಂದೆಯೇ ಸಾಹೇಬರನ್ನೂ ಹತ್ತಿಸಿದರು. ಚಲಿಸುವ ರೈಲಿನ ಕಿಟಕಿಯಿಂದ ಅವರು, "ಹೊನ್ನಯ್ಯನವರೇ, ಪರ್ಮಿಟ್ಟು ನಿಮಗೇ ಬರುತ್ತೆ, ಹೋಗಿ! ಇಂಥ ಜನ ಆ ಕಂಪನಿಯ ಬಸ್ಸಿನಲ್ಲಿ ನಾನು ನೋಡಲಿಲ್ಲ!" ಎಂದು ಕೂಗಿದರು. ಅವರು ಬಿದ್ದು ಬಿದ್ದು ನಗುತ್ತಿದ್ದರು.

ಹೊನ್ನಯ್ಯನವರು ನಗಲಿಲ್ಲ. ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಬಸ್ಸು ಹಿಂದಕ್ಕೆ ಹೊರಡುವಾಗ ಬಂದು, ನಿಂಗಯ್ಯನ ಕೈಗೆ ಕಟ್ಟಿಸಿದ ಬಟ್ಟೆಯನ್ನು ಒಮ್ಮೆ ನೋಡಿ, "ನೀನು ಮಳವಳ್ಳಿ ಸ್ಟ್ಯಾಂಡಿನಲ್ಲಿ ಟಿಕೀಟು ಕೊಡು. ನಿನಗೂ ಕೆಲಸ ಐತೆ" ಎಂದರು. ಕರಿಸಿದ್ದಯ್ಯನ ಕಡೆ ತಿರುಗಿ, ಏನೋ ದೊಡ್ಡ ಮಾತು ಹೇಳಲು ಹೊರಟವರು, "ಆ ಎಲೆ ಮುದುಕಿ ಊರ ತಾವು ನಿಲ್ಲಿಸು. ನಾನೇ ಇಳಿದು ಮಾತಾಡ್ತೀನಿ" ಎಂದಷ್ಟೇ ಹೇಳಿ ಮುಂದಿನ ಸೀಟಿನಲ್ಲಿ ಕೂತರು.

ಮದ್ದೂರಿನ ಕಡೆಯಿಂದಲೂ ದಿಣ್ಣೆ ಏರಲೇಬೇಕಲ್ಲ. ಬಸ್ಸು ನಿಂತಿತು. ಜನ ಇಳಿದರು, ಕರಿಸಿದ್ದಯ್ಯ ಹಿಂದಕ್ಕೆ ಬಂದ. ನೋಡಿದರೆ ಮಡ್ಗಾರ್ಡಿನ ಹತ್ತಿರ, ಪೇಟವನ್ನು ಸೀಟಿನ ಮೇಲೆ ಬಿಟ್ಟು, ಕಚ್ಚೆ ಮೇಲೆ ಕಟ್ಟಿ, ಬಕ್ಕತಲೆಯ ಯಜಮಾನರೊಬ್ಬರು ಬಸ್ಸಿಗೆ ಹೆಗಲು ಕೊಟ್ಟು ನಿಂತಿದ್ದಾರೆ. ಇಷ್ಟು ವರ್ಷ ತಳ್ಳಲೆಂದು ಅವರು ಒಮ್ಮೆಯೂ ಸೀಟು ಬಿಟ್ಟು ಇಳಿದವರಲ್ಲ.

"ಬುದ್ದೀ, ನೀವು ಕುಂತ್ಕಳಿ, ನಾವಿದ್ದೀವಿ" ಎಂದ ಕರಿಸಿದ್ದಯ್ಯ.

"ಸುಮ್ಕಿರಯ್ಯ. ಎಸರು ಇಡಿದು ಕೂಗು ನೀನು, ಅಂಕಮ್ಮನ್ನ ಕೂಗ್ತೀಯಲ್ಲ ಅಂಗೆ" ಎಂದರು ಹೊನ್ನಯ್ಯನವರು, ತಲೆಯೆತ್ತದೆ.

ಕರಿಸಿದ್ದಯ್ಯ ಡ್ರಮ್ಮಿನ ಪಕ್ಕದಲ್ಲಿ ಕಾಲೂರಿದ. ಎದೆ ತುಂಬ ಉಸಿರು ತೆಗೆದುಕೊಂಡು, ಮದ್ದೂರಿಗೂ ಕೇಳುವ ಹಾಗೆ ಕೂಗಿದ:

"ಒನ್ನಯ್ಯಣ್ಣ ಕೈ ಆಕವ್ನೆ, ನಾಚ್ಕಳಿ ಎಲ್ರೂವೇ..."